ಮೂಸ್ ಬೇಟೆಗೆ ದುಡ್ಡು ಕಟ್ಟುವ ಮೊದಲು ಮಾಂಸದ ಮಾತು ಕೇಳಿ

ಸಂಪಾದಕರಿಗೆ ನಮಸ್ಕಾರ.

ಈ ಸಲದ ಕೈಲ್ ಪೊಳ್ದ್ ಹಬ್ಬದ ದಿನ ನಮ್ಮ ಐನ್‌ಮನೆಯಲ್ಲಿ ಕೋವಿ ಪೂಜೆ ಮುಗಿದಿತ್ತು. ನಳಿಗೆಗೆ ಸಿಕ್ಕಿಸಿದ ತೋಕ್ ಪೂ ಇನ್ನೂ ಬಾಡಿರಲಿಲ್ಲ. ಅಷ್ಟರಲ್ಲಿ ಹುಡುಗರೆಲ್ಲ ಬಂದು ನನ್ನನ್ನು ಸುತ್ತಿಕೊಂಡರು. ಕಳೆದ ವರ್ಷ ನೀವು ಅಮೆರಿಕದ ಅಲಾಸ್ಕಾಕ್ಕೆ ಹೋಗಿ ಬಂದಿರಲ್ಲ, ನಾವೂ ಮೂಸ್ ಬೇಟೆಗೆ ಹೋಗಬೇಕು, ಹೇಗೆ ಅಂತ ಕೇಳಿದರು. ಆಮೇಲೆ ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯಿಂದಲೂ ಫೋನ್ ಬರುತ್ತಿದೆ. ಒಬ್ಬ ಏಜೆಂಟನ ಜಾಹೀರಾತು ನೋಡಿ ಇಬ್ಬರು ಆಗಲೇ ಅಡ್ವಾನ್ಸ್ ಕಟ್ಟಲು ಹೊರಟಿದ್ದಾರೆ. ಅವರು ಮೊಬೈಲಿನಲ್ಲಿ ಆ ಜಾಹೀರಾತು ತೋರಿಸಿದಾಗ ನನ್ನ ಎದೆ ಧಸಕ್ಕೆಂದಿತು. ಮೂರು ವರ್ಷದ ಹಿಂದೆ ನಾನು ದುಡ್ಡು ಕಳೆದುಕೊಂಡದ್ದು ಇಂಥದೇ ಜಾಹೀರಾತು ನಂಬಿ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ಕತ್ತರಿಸುವುದಾದರೆ ಮಾಂಸದ ಭಾಗ ಮಾತ್ರ ಕತ್ತರಿಸಬೇಡಿ.

ನೋಡದವರಿಗೆ ಮೂಸ್ ಬಗ್ಗೆ ಎರಡು ಮಾತು. ಅದು ಜಿಂಕೆ ಜಾತಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ನಮ್ಮ ಕಾಡಿನ ದೊಡ್ಡ ಗಂಡು ಕಡವೆ 300 ಕೆಜಿ ತೂಗಬಹುದು. ಅಲಾಸ್ಕಾದ ದೊಡ್ಡ ಗಂಡು ಮೂಸ್ 700 ಕೆಜಿ ದಾಟುತ್ತದೆ. ಭುಜವೇ ಆಳೆತ್ತರ ಇರುತ್ತದೆ. ಕೊಂಬು ಅಂಗೈ ಅರಳಿಸಿ ಹಿಡಿದ ಹಾಗೆ ಅಗಲ. ದನದ ಜಾತಿಯೇ ಅಂತ ನಮ್ಮ ಮನೆಯ ಹಿರಿಯರು ಕೇಳಿದ್ದರು. ಅಲ್ಲ.

ಅಲ್ಲಿ ಬೇಟೆಗೆ ಬಿಡುತ್ತಾರೆ, ಇಲ್ಲಿ ಯಾಕೆ ಬಿಡುವುದಿಲ್ಲ ಅಂತ ಕೆಲವು ಹುಡುಗರು ಕೇಳುತ್ತಾರೆ. ಅಲಾಸ್ಕಾ ಅಂದರೆ ಒಂಬತ್ತು ಕರ್ನಾಟಕದಷ್ಟು ಜಾಗ. ಜನ ಮಾತ್ರ ಏಳು ಲಕ್ಷ ಚಿಲ್ಲರೆ. ಕೊಡಗು ಒಂದರಲ್ಲೇ ಐದೂವರೆ ಲಕ್ಷ ಜನ ಇದ್ದೇವೆ. ಅಲ್ಲಿ 1,75,000ದಿಂದ 2 ಲಕ್ಷ ಮೂಸ್ ಇವೆ ಅಂತ ಅಲ್ಲಿನ ಇಲಾಖೆ ಅಂದಾಜು ಮಾಡಿದೆ. ಬೇಟೆಯಾಗುವುದು ವರ್ಷಕ್ಕೆ 6ರಿಂದ 8 ಸಾವಿರ. ಹೊಡೆದವರು 15 ದಿನದೊಳಗೆ ವರದಿ ಕೊಡಲೇಬೇಕು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆ ನಿಲ್ಲಿಸಿತು. ನಿಲ್ಲಿಸಿದ್ದಕ್ಕೇ ಇವತ್ತು ಕಡವೆ ಕಣ್ಣಿಗೆ ಬೀಳುತ್ತಿದೆ ಅಂತ ನಂಬಿದವನು ನಾನು.

ಈಗ ನನ್ನ ತಪ್ಪಿನ ಕಥೆ. ಚಿಕ್ಕಪ್ಪನ ಮಗ, ನನಗೆ ತಮ್ಮ, ಅಮೆರಿಕದ ಸಿಯಾಟಲ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನದು ಭಾರತದ ಪಾಸ್‌ಪೋರ್ಟ್. ಬೇಟೆ ಅವನದು, ಜೊತೆಗೆ ಹೋಗುವವನು ನಾನು ಅಂತ ಮಾತಾಯಿತು. ನನಗೆ 58 ಆಗಿತ್ತು. ಕಾಫಿಗೂ ಒಳ್ಳೆ ಬೆಲೆ ಬಂದಿತ್ತು. ಬೆಂಗಳೂರಿನ ಒಬ್ಬ ಏಜೆಂಟ್ ಸಿಕ್ಕಿದ. ಹನ್ನೊಂದು ಫೋಟೋ ಕಳಿಸಿದ. ಹನ್ನೊಂದರಲ್ಲೂ ಕೊಂಬು ಹಿಡಿದುಕೊಂಡು ನಗುವ ಜನ. ಅವನು ಹೇಳಿದ್ದು ಡ್ರಾಪ್ ಕ್ಯಾಂಪ್ ಅನ್ನುವ ಏರ್ಪಾಡು. ಸಣ್ಣ ವಿಮಾನ ನಿಮ್ಮನ್ನು ಟೆಂಟಿನ ಜೊತೆ ಕಾಡಿನಲ್ಲಿ ಇಳಿಸಿ ಹೋಗುತ್ತದೆ, ಹತ್ತು ದಿನ ಬಿಟ್ಟು ಬಂದು ಕರೆದುಕೊಂಡು ಹೋಗುತ್ತದೆ. ಗೈಡ್ ಇರುವುದಿಲ್ಲ. ಅದಕ್ಕೇ ದುಡ್ಡು ಕಡಿಮೆ. ನೀವು ಕೊಡಗಿನವರು, ನಿಮಗೆ ಗೈಡ್ ಯಾಕೆ ಅಂದ. ಆ ಮಾತು ನನಗೆ ಹಿತವಾಯಿತು. ಅಡ್ವಾನ್ಸ್ ಕಟ್ಟಿಬಿಟ್ಟೆ.

ಅಲಾಸ್ಕಾದ ಬೇಟೆ ನಿಯಮದ ಪುಸ್ತಕವನ್ನು ನನ್ನ ತಮ್ಮ ಓದಿದ್ದು ಆಮೇಲೆ. ಬೇರೆ ರಾಜ್ಯದ ಅಮೆರಿಕನ್ನರಿಗೆ ಕಂದು ಕರಡಿ, ಡಾಲ್ ಕುರಿ, ಬೆಟ್ಟದ ಆಡು, ಈ ಮೂರಕ್ಕೆ ಮಾತ್ರ ಗೈಡ್ ಕಡ್ಡಾಯ. ಮೂಸ್‌ಗೆ ಬೇಕಾಗಿಲ್ಲ. ಆದರೆ ಅಮೆರಿಕದ ಪ್ರಜೆ ಅಲ್ಲದವರಿಗೆ ದೊಡ್ಡ ಬೇಟೆ ಯಾವುದೇ ಇರಲಿ, ಲೈಸೆನ್ಸ್ ಇರುವ ಗೈಡ್ ಕಡ್ಡಾಯ. ಮೂಸ್ ಕೂಡ ಅದರಲ್ಲೇ ಬರುತ್ತದೆ. ಅಂದರೆ ಆ ಡ್ರಾಪ್ ಕ್ಯಾಂಪಿನಲ್ಲಿ ನನ್ನ ತಮ್ಮ ಗುಂಡು ಹಾರಿಸಿದ್ದರೆ ಅದು ಕಳ್ಳಬೇಟೆ. ಏಜೆಂಟನಿಗೆ ಫೋನ್ ಮಾಡಿದೆ. ಅಷ್ಟು ದೂರದ ಕಾಡಿನಲ್ಲಿ ಯಾರು ಸಾರ್ ನೋಡ್ತಾರೆ ಅಂದ. ದುಡ್ಡು ವಾಪಸ್ ಬರಲಿಲ್ಲ. ಹೋದರೆ ಹೋಗಲಿ ಅಂತ ಬಿಟ್ಟೆ. ನನಗೆ ಜಾಸ್ತಿ ನೋವಾಗಿದ್ದು ನಮ್ಮ ಕೋವಿಯ ಅಭಿಮಾನವನ್ನೇ ಹಿಡಿದು ಅವನು ನನ್ನನ್ನು ಬಗ್ಗಿಸಿದ್ದು. ನಮಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೆ ಮುಂದುವರಿಸಿದ್ದಾರೆ, ನಿಜ. ಅದು ನಮ್ಮ ದೇಶದೊಳಗಿನ ಮಾತು. ಹೊರಗೆ ಅದಕ್ಕೆ ಬೆಲೆ ಇಲ್ಲ. ಇಲ್ಲಿಂದ ಕೋವಿ ಒಯ್ಯುವ ಯೋಚನೆಯನ್ನೂ ಬಿಡಿ. ಗೈಡ್ ಹತ್ತಿರವೇ ರೈಫಲ್ ಸಿಗುತ್ತದೆ.

ಎರಡನೇ ಸಲ ಗೈಡನ್ನು ನಾವೇ ಹುಡುಕಿದೆವು. ಯಾರಿಗೆ ಲೈಸೆನ್ಸ್ ಇದೆ ಅಂತ ಅಲ್ಲಿನ ಸರ್ಕಾರದ ಪಟ್ಟಿಯಲ್ಲೇ ನೋಡಬಹುದು. ರಾತ್ರಿ ಹತ್ತಕ್ಕೆ ಇಲ್ಲಿಂದ ಫೋನ್ ಮಾಡಿದರೆ ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ ಎಂಟೂವರೆ. ಮಳೆ ಸದ್ದಿನಲ್ಲಿ ಫೋನ್ ಕಿವಿಗೆ ಒತ್ತಿ ಹಿಡಿದು ಕೂತಿದ್ದೆ. ಆತ ಮೊದಲು ಕೇಳಿದ್ದು ಮಂಡಿ ನೋವು ಇದೆಯಾ ಅಂತ. ಒದ್ದೆ ನೆಲದಲ್ಲಿ ಎಷ್ಟು ಕೆಜಿ ಹೊತ್ತು ನಡೆಯುತ್ತೀರಿ ಅಂತ ಕೇಳಿದ. ಮಾಂಸವನ್ನು ಏನು ಮಾಡುತ್ತೀರಿ ಅಂತ ಕೇಳಿದ. ಕೊಂಬಿನ ಸುದ್ದಿ ಎತ್ತಲೇ ಇಲ್ಲ. ಇವನೇ ಸರಿ ಅಂತ ನನಗೆ ಆಗಲೇ ಅನ್ನಿಸಿತು.

ಯಾಕೆ ಅಂದರೆ ಅಲ್ಲಿನ ಕಾನೂನಿನ ತಿರುಳೇ ಮಾಂಸ. ತಿನ್ನಲು ಬರುವ ಮಾಂಸವನ್ನೆಲ್ಲ ಕಾಡಿನಿಂದ ಹೊರಗೆ ತರಬೇಕು. ನಾಲ್ಕು ತೊಡೆ, ಬೆನ್ನು, ಪಕ್ಕೆಲುಬು, ಕುತ್ತಿಗೆ, ಎದೆ, ಯಾವುದನ್ನೂ ಬಿಡುವ ಹಾಗಿಲ್ಲ. ಮಾಂಸಕ್ಕಿಂತ ಮೊದಲು ಕೊಂಬು ಹೊರಗೆ ಬಂದರೆ ತಪ್ಪು. ಕೊಂಬು ಕೊನೆಯ ಹೊರೆಯ ಜೊತೆ ಬರಬೇಕು, ಇಲ್ಲವೇ ಅದರ ನಂತರ. ದೊಡ್ಡ ಮೂಸ್ ಒಂದರಿಂದ ಸುಮಾರು 225 ಕೆಜಿ ಮಾಂಸ ಸಿಗುತ್ತದೆ. ಮೂಳೆ ಬೇರೆ. 50 ಕೆಜಿಯ ಕಾಫಿ ಮೂಟೆ ನಾಲ್ಕೂವರೆ ಆಯಿತು. ರಸ್ತೆ ಇಲ್ಲ, ಜೀಪ್ ಇಲ್ಲ, ಆಳಿಲ್ಲ. ಬೆನ್ನ ಮೇಲೆ ಹೊರಬೇಕು. ಹಾಗಾಗಿ ಪ್ರಾಣಿ ಎಲ್ಲಿ ಬಿತ್ತು ಅನ್ನುವುದೇ ದೊಡ್ಡ ಪ್ರಶ್ನೆ.

ನನ್ನ ತಯಾರಿ ಗದ್ದೆಯಲ್ಲೇ ನಡೆಯಿತು. ಜೂನ್, ಜುಲೈ ಮಳೆಯಲ್ಲಿ ಗಂಬೂಟ್ ಹಾಕಿ 25 ಕೆಜಿ ಗೊಬ್ಬರದ ಚೀಲ ಬೆನ್ನಿಗೆ ಕಟ್ಟಿಕೊಂಡು ಗದ್ದೆಯಿಂದ ಮನೆಗೆ ಏರುತ್ತಿದ್ದೆ. ಮೊದಲ ವಾರ ಎರಡು ಸಲ, ಕೊನೆಗೆ ದಿನಕ್ಕೆ ಹತ್ತು ಸಲ. ಕಾಲೆಲ್ಲ ಜಿಗಣೆ. ಅದು ನಿಜವಾಗಿ ಕೆಲಸಕ್ಕೆ ಬಂತು. ಅಲ್ಲಿನ ಜವುಗು ನೆಲ ನಮ್ಮ ಉತ್ತ ಗದ್ದೆಯ ಹಾಗೇ ಇದೆ. ನಡುವೆ ಹುಲ್ಲಿನ ಗುಪ್ಪೆಗಳು ಬೇರೆ. ಕಾಲಿಟ್ಟರೆ ಒಂದು ಕಡೆಗೆ ಹೊರಳುತ್ತವೆ.

ಕಾಲದ ಲೆಕ್ಕ ನಮಗೆ ಅನುಕೂಲವಾಗಿದೆ. ನಾವು ಹೋದ ಕಡೆ, ಅಲಾಸ್ಕಾ ರೇಂಜ್ ಬೆಟ್ಟಗಳ ಪಶ್ಚಿಮಕ್ಕೆ, ಹೊರಗಿನವರಿಗೆ ಅವಕಾಶ ಇದ್ದದ್ದು ಸೆಪ್ಟೆಂಬರ್ 1ರಿಂದ 20. ಕೈಲ್ ಪೊಳ್ದ್ ಮುಗಿಸಿ ಹೊರಟರೆ ಸಿಗುತ್ತದೆ. ನಾಟಿ ಆಗಿರುತ್ತದೆ, ಕಾಫಿ ಕೊಯ್ಲು ದೂರ ಇರುತ್ತದೆ. ಆದರೆ ಕೆಲಸ ಶುರು ಮಾಡಬೇಕಾದ್ದು ಒಂದೂವರೆ ಎರಡು ವರ್ಷ ಮೊದಲು. ಒಳ್ಳೆ ಗೈಡ್‌ಗಳ ದಿನಗಳು ಮೊದಲೇ ತುಂಬಿರುತ್ತವೆ. ವೀಸಾಕ್ಕೆ ಚೆನ್ನೈಗೆ ಅಲೆಯಬೇಕು. ಗೈಡ್ ಜೊತೆಗಿನ ಮೂಸ್ ಬೇಟೆಗೆ ಇವತ್ತು 20 ಸಾವಿರ ಡಾಲರ್‌ಗಿಂತ ಜಾಸ್ತಿ ಆಗುತ್ತದೆ. ಲೈಸೆನ್ಸ್, ಹೊಡೆದ ಪ್ರಾಣಿಗೆ ಕಟ್ಟುವ ಟ್ಯಾಗ್, ವಿಮಾನ, ಮಾಂಸ ಸಾಗಿಸುವ ಖರ್ಚು ಅದರ ಮೇಲೆ. ಬೇಟೆಯಾಡದೆ ಜೊತೆಗೆ ಹೋಗುವವನಿಗೆ ಕಡಿಮೆ. ಹಿಂದೆ ಮುಂದೆ ಎರಡೆರಡು ದಿನ ಖಾಲಿ ಇಟ್ಟುಕೊಳ್ಳಿ. ನಾವು ಮೋಡ ಇಳಿದು ಒಂದೂವರೆ ದಿನ ಏರ್‌ಸ್ಟ್ರಿಪ್‌ನಲ್ಲೇ ಕೂತಿದ್ದೆವು. ಸೂಪರ್ ಕಬ್ ಅನ್ನುವ ಆ ಪುಟ್ಟ ವಿಮಾನದಲ್ಲಿ ಪೈಲಟ್ ಬಿಟ್ಟರೆ ಒಬ್ಬನೇ ಕೂರಬಹುದು. ಗಟ್ಟಿ ಸೂಟ್‌ಕೇಸ್ ಹಿಡಿಸುವುದಿಲ್ಲ, ಬಟ್ಟೆಯ ಬ್ಯಾಗ್ ಬೇಕು. ವಿಮಾನ ಇಳಿದ ದಿನ ಬೇಟೆ ಆಡುವಂತಿಲ್ಲ, ಮರುದಿನ ಬೆಳಗಿನ ಜಾವ ಮೂರರ ಮೇಲೆಯೇ. ಇನ್ನೊಂದು ಮುಖ್ಯ ಮಾತು. ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೂಲಕ ಮೆಸೇಜ್ ಕಳಿಸುವ ಇನ್‌ರೀಚ್ ಥರದ್ದನ್ನು ಅಲ್ಲಿಂದ ಕೊಂಡು ತರಬೇಡಿ. ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವಂತಿಲ್ಲ, ಏರ್‌ಪೋರ್ಟಿನಲ್ಲೇ ಹಿಡಿಯುತ್ತಾರೆ.

ಐದನೇ ದಿನ ಒಂದು ಗಂಡು ಬಂತು. ಗೈಡ್ ಒಣಗಿದ ಮೂಸ್ ಭುಜದ ಮೂಳೆಯನ್ನು ಪೊದೆಗೆ ಉಜ್ಜುತ್ತಿದ್ದ. ಇನ್ನೊಂದು ಗಂಡು ಕೊಂಬು ತಿಕ್ಕುವ ಸದ್ದು ಅದು. ಎದುರಿನ ವಿಲೋ ಪೊದೆ ಅಲ್ಲಾಡಿತು. ಮೊದಲು ಕೊಂಬಿನ ಬಿಳಿ ಅಂಚು, ಆಮೇಲೆ ಉದ್ದ ಮೂತಿ ಕಂಡಿತು. ಉಸಿರು ಹೊಗೆಯಾಗಿ ಬರುತ್ತಿತ್ತು. ಇನ್ನೂರು ಮೀಟರ್ ಕೂಡ ಇರಲಿಲ್ಲ. ನಿಯಮ ಹೀಗಿದೆ: ಕೊಂಬಿನ ಅಗಲ 50 ಇಂಚು ಇರಬೇಕು. ಇಲ್ಲ, ಹಣೆಯ ಮೇಲಿಂದ ಮುಂದಕ್ಕೆ ಚಾಚಿದ ಕವಲುಗಳು ಒಂದು ಪಕ್ಕದಲ್ಲಾದರೂ ನಾಲ್ಕು ಇರಬೇಕು. ಗೈಡ್ ದೂರದರ್ಶಕಕ್ಕೆ ಕಣ್ಣಿಟ್ಟು ಎಣಿಸಿದ. ಎಡಕ್ಕೆ ಮೂರು. ಬಲಗಡೆ ಕೊಂಬೆ ಅಡ್ಡ. ಅಗಲ ಐವತ್ತರ ಆಚೆ ಈಚೆ. ಇಪ್ಪತ್ತು ನಿಮಿಷ ಕಾದೆವು. ಅದು ತಲೆ ತಿರುಗಿಸಲೇ ಇಲ್ಲ. ಬೇಡ ಅಂತ ಗೈಡ್ ಕೈ ಆಡಿಸಿದ. ನನ್ನ ತಮ್ಮ ರೈಫಲ್ ಕೆಳಗಿಟ್ಟ. ಕಣ್ಣಲ್ಲಿ ನೀರಿತ್ತು. ಅಷ್ಟು ದುಡ್ಡು, ಅಷ್ಟು ದಿನ, ಅಲ್ವಾ? ಆದರೂ ಅನುಮಾನ ಇದ್ದರೆ ಇಲ್ಲ ಅಂತಲೇ ಅರ್ಥ. ಹಾಗೆ ಕೈ ಆಡಿಸುವ ಗೈಡನ್ನೇ ಹುಡುಕಿ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಎಂಟನೇ ದಿನ ಸಿಕ್ಕಿದ್ದರಲ್ಲಿ ಬಲಗಡೆ ನಾಲ್ಕು ಕವಲು ಸ್ಪಷ್ಟವಾಗಿತ್ತು. ಆದರೆ ಅದು ಹೊಂಡದ ನೀರಿನಲ್ಲಿ ನಿಂತಿತ್ತು. ಗೈಡ್ ಹೊಡೆಯಲು ಬಿಡಲಿಲ್ಲ. ನೀರಿನಲ್ಲಿ ಬಿದ್ದರೆ ಮೂರು ಜನ ಎಳೆದು ಹಾಕಲು ಆಗುವುದಿಲ್ಲ, ಮಾಂಸ ಹಾಳು. ಅದು ಮೇಲೆ ಬಂದು ಮೈ ಕೊಡವಿ ಒಣ ನೆಲ ಹತ್ತುವವರೆಗೆ ಕಾದೆವು. ಒಂದೇ ಗುಂಡು. ಮೊದಲು ಲೋಹದ ಟ್ಯಾಗ್ ಕಟ್ಟಿದ. ಆಮೇಲೆ ಚಾಕು. ಕತ್ತಲಾಗುವವರೆಗೆ ಕೆಲಸ. ಚಳಿಗೆ ಬೆರಳು ಮರಗಟ್ಟುತ್ತಿತ್ತು, ಬಿಸಿ ಮಾಂಸ ಮುಟ್ಟಿದರೆ ಜೀವ ಬರುತ್ತಿತ್ತು. ತೊಡೆಗಳನ್ನು ಬಿಳಿ ಬಟ್ಟೆ ಚೀಲಕ್ಕೆ ಹಾಕಿ, ಗಾಳಿ ಆಡುವ ಹಾಗೆ ಅಡ್ಡಗೋಲಿಗೆ ತೂಗು ಹಾಕಿದೆವು. ಕರುಳು ಬಿದ್ದ ಜಾಗದಿಂದ ದೂರ. ಯಾಕೆಂದರೆ ಅಲ್ಲಿಗೆ ಕರಡಿ ಬರುತ್ತದೆ. ರಾತ್ರಿ ಬಂದಿತ್ತು ಕೂಡ. ಬೆಳಿಗ್ಗೆ ಹೆಜ್ಜೆ ನೋಡಿದೆವು.

ವಿಮಾನ ಇಳಿಯುವ ಕಲ್ಲು ದಂಡೆಗೆ ಒಂದು ಕಿಲೋಮೀಟರ್. ಎರಡು ದಿನ ಹೊತ್ತೆವು. ಹಿಂದಿನ ತೊಡೆ ಬೆನ್ನಿಗೇರಿದಾಗ ನನಗೆ ನೆನಪಾದದ್ದು ಅಜ್ಜ. ಅವರ ಕಾಲದ ಬೇಟೆಯಲ್ಲಿ ಗುಂಡು ಹೊಡೆದವನಿಗೊಂದು ಪಾಲು, ಪ್ರಾಣಿಯನ್ನು ಸೋವಿ ಎಬ್ಬಿಸಿದವರಿಗೊಂದು, ನಾಯಿ ತಂದವನಿಗೊಂದು, ಮನೆಯಲ್ಲೇ ಉಳಿದ ಮುದುಕಿಗೂ ಒಂದು ಅಂತ ಹೇಳುತ್ತಿದ್ದರು. ಯಾರು ಹೊಡೆದರು ಅನ್ನುವುದಕ್ಕಿಂತ ಪಾಲು ಸರಿಯಾಗಿ ಹೋಯಿತಾ ಅನ್ನುವುದೇ ಅವರ ಮಾತು. ಕೊನೆಯ ಹೊರೆಯಲ್ಲಿ ಕೊಂಬು ಬಂತು.

ಮಾಂಸ ಊರಿಗೆ ತರಲು ಆಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿಯನ್ನು ನದಿ ದಂಡೆಯ ಹಳ್ಳಿಯ ಎರಡು ಮನೆಗಳಿಗೆ ಕೊಟ್ಟೆವು. ಅದಕ್ಕೂ ಒಂದು ಕಾಗದ ಬರೆದು ಸಹಿ ಹಾಕಿ ಕೊಡಬೇಕು. ಉಳಿದದ್ದು ಪೆಟ್ಟಿಗೆಯಲ್ಲಿ ಸಿಯಾಟಲ್‌ಗೆ ಹೋಯಿತು. ನಾನು ಒಯ್ದಿದ್ದ ನಮ್ಮ ಕೊಡಗಿನ ಹುಳಿ, ಕಾಚಂಪುಳಿ ಹಾಕಿ ಪಂದಿ ಕರಿಯ (ಹಂದಿ ಸಾರಿನ) ಮಸಾಲೆಯಲ್ಲೇ ಬೇಯಿಸಿದೆವು. ಕೊಬ್ಬು ಕಡಿಮೆ, ಸ್ವಲ್ಪ ಹೊತ್ತು ಜಾಸ್ತಿ ಬೇಯಬೇಕು. ಆ ಊರಿನ ಅಜ್ಜಿ ಒಬ್ಬರಿಗೆ ಕಾಚಂಪುಳಿ ಬಾಟಲಿ ಕೊಟ್ಟು ಬಂದೆ.

ಈಗ ಆ ಇಬ್ಬರು ಹುಡುಗರ ವಿಷಯ. ಅವರು ತೋರಿಸಿದ ಜಾಹೀರಾತಿನಲ್ಲಿ ಗೈಡ್‌ನ ಹೆಸರಿಲ್ಲ, ಲೈಸೆನ್ಸ್ ನಂಬರ್ ಇಲ್ಲ, ಮಾಂಸದ ಬಗ್ಗೆ ಒಂದು ಸಾಲಿಲ್ಲ. ಕೊಂಬು ಮಾತ್ರ ಇದೆ. ದುಡ್ಡು ಕಟ್ಟುವ ಮೊದಲು ಗೈಡ್ ಜೊತೆಗೇ ಮಾತಾಡಿ. ಏಜೆಂಟ್ ಜೊತೆ ಆಡಿದ ಮಾತು ಲೆಕ್ಕಕ್ಕಿಲ್ಲ. ಭಾರತದ ಪಾಸ್‌ಪೋರ್ಟ್ ಅಂತ ಮೊದಲೇ ಹೇಳಿ. ಒಪ್ಪಂದ ಬರಹದಲ್ಲಿ ಇರಲಿ. ಮಾಂಸ ಯಾರು ಹೊರುತ್ತಾರೆ, ಎಷ್ಟು ದೂರ, ವಿಮಾನ ಎಷ್ಟು ಸಲ ಬರುತ್ತದೆ, ಅದರ ದುಡ್ಡು ಯಾರದು, ಇಷ್ಟು ಕೇಳಿ. ಕಾನೂನಿಗೆ ಸರಿಯಾದ ಪ್ರಾಣಿ ಸಿಗದೆ ಬರಿಗೈಲಿ ಬಂದರೆ ದುಡ್ಡು ವಾಪಸ್ ಇಲ್ಲ ಅನ್ನುವುದನ್ನೂ ತಿಳಿದೇ ಹೋಗಿ. ಸುಮ್ನೆ ಆಸೆ ಇಟ್ಟುಕೊಂಡು ಸಾಲ ಮಾಡಬೇಡಿ.

ಅವರ ಅಡ್ವಾನ್ಸ್‌ಗೆ ಏಜೆಂಟ್ ಕೊಟ್ಟ ಕೊನೆಯ ದಿನ ಈ ತಿಂಗಳ 30. ನಾನು ಮಾತಾಡಿದರೆ ಮುದುಕರ ಭಯ ಅಂದುಕೊಳ್ಳುತ್ತಾರೆ. ನಿಮ್ಮ ಪತ್ರಿಕೆ ಅವರ ಮನೆಗೂ ಬರುತ್ತದೆ. 30ಕ್ಕಿಂತ ಮೊದಲು ಇದನ್ನು ಅಚ್ಚು ಹಾಕಿದರೆ ಉಪಕಾರವಾಗುತ್ತದೆ.

ಇತಿ,
ಒಬ್ಬ ಕಾಫಿ ಬೆಳೆಗಾರ
ನಾಪೋಕ್ಲು, ಕೊಡಗು