ರೂಟರ್ ಹೆಚ್ಚಿಸಿದ ಮಾತ್ರಕ್ಕೆ ಕರೆ ಕಡಿಯುವುದು ತಪ್ಪದು

ಮಾನ್ಯ ಸಂಪಾದಕರೇ,

ಕಳೆದ ಆಷಾಢದಲ್ಲಿ ಬಂಧುವೊಬ್ಬರನ್ನು ಕಾಣಲು ನಮ್ಮ ಕರಾವಳಿಯ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ದಪ್ಪ ಚಿರೆಕಲ್ಲಿನ ಕಟ್ಟಡದೊಳಗೆ ಟವರಿನ ಸಿಗ್ನಲ್ ಸಿಗದ ಕಾರಣ ಎಲ್ಲರೂ ವೈಫೈ ಕರೆಯನ್ನೇ ನೆಚ್ಚಿಕೊಂಡಿದ್ದರು. ಬೆಂಗಳೂರಿನಲ್ಲಿರುವ ಅವರ ಮಗನೊಡನೆ ಮಾತನಾಡುತ್ತ ವಾರ್ಡಿನಿಂದ ಕೆಳಗಿನ ಔಷಧಿ ಅಂಗಡಿಗೆ ಇಳಿಯುವಷ್ಟರಲ್ಲಿ ಕರೆ ಮೂರು ಸಲ ಕಡಿಯಿತು. ವಿಚಾರಿಸಿದರೆ, ಇನ್ನೂ ನಾಲ್ಕು ರೂಟರ್ ಹಾಕಿಸುತ್ತೇವೆ ಎಂದರು. ದೂರವಾಣಿ ಕೆಲಸದಲ್ಲೇ ಕೂದಲು ನರೆತ ನನಗೆ ಈ ಉತ್ತರ ಒಪ್ಪಿಗೆಯಾಗಲಿಲ್ಲ.

ಮೊಬೈಲಿನ ಆ್ಯಪ್ ಒಂದರಲ್ಲಿ ನೋಡಿದಾಗ ಅಲ್ಲಿನ ಹೆಚ್ಚಿನ ರೂಟರ್‌ಗಳು 2.4 ಗಿಗಾಹರ್ಟ್ಸ್ ಪಟ್ಟಿಯ 6ನೇ ಚಾನೆಲ್‌ನಲ್ಲಿದ್ದವು. ಪಟ್ಟಿಯೆಂದರೆ ವೈಫೈ ಬಳಸುವ ರೇಡಿಯೊ ತರಂಗಗಳ ಒಂದು ಹರವು, ಚಾನೆಲ್ ಎಂದರೆ ಅದರೊಳಗಿನ ಒಂದು ಓಣಿ. ಒಂದೆರಡನ್ನು ಯಾರೋ 4 ಮತ್ತು 8ಕ್ಕೆ ಸರಿಸಿದ್ದರು. ಸಂಖ್ಯೆ ಬೇರೆಯಾದರೆ ತೊಡಕಿಲ್ಲವೆಂದು ಅವರು ಎಣಿಸಿರಬೇಕು. ಆದರೆ ಒಂದು ಚಾನೆಲ್‌ಗೂ ಅದರ ಮುಂದಿನ ಸಂಖ್ಯೆಯದಕ್ಕೂ ನಡುವಿನ ಅಂತರ ಬರೀ 5 ಮೆಗಾಹರ್ಟ್ಸ್. ಒಂದು ರೂಟರ್ ಹಿಡಿಯುವ ಅಗಲ ಸುಮಾರು 20. ಒಂದಕ್ಕೊಂದು ತಾಗದಂತೆ ಸಾಮಾನ್ಯವಾಗಿ ಬಳಸುವುದು 1, 6, 11 ಈ ಮೂರನ್ನೇ. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳಾದರೂ ಪರಸ್ಪರ ಕೇಳಿಸಿಕೊಂಡು ಸರದಿ ಕಾಯುತ್ತವೆ. 6 ಮತ್ತು 8 ಅರ್ಧಂಬರ್ಧ ತಾಗಿದಾಗ ಒಂದರ ಮಾತು ಇನ್ನೊಂದಕ್ಕೆ ಗದ್ದಲವಷ್ಟೇ: ಜೋಡಾಟದಲ್ಲಿ ಎರಡೂ ಮೇಳದ ಚಂಡೆ ಏರಿದಾಗ ಯಾವ ಭಾಗವತರ ಪದವೂ ತಿಳಿಯದ ಹಾಗೆ. ಆಟದಲ್ಲಿ ಅದೇ ಸೊಗಸು, ಆಸ್ಪತ್ರೆಯಲ್ಲಲ್ಲ.

5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್‌ಗಳು ಧಾರಾಳವಾಗಿವೆ. 2018ರಲ್ಲಿ ಕೇಂದ್ರ ಸರ್ಕಾರ ಅದರ ಇನ್ನಷ್ಟು ಭಾಗವನ್ನು ಪರವಾನಗಿಯಿಲ್ಲದ ಬಳಕೆಗೆ ಬಿಟ್ಟಿದೆ. ಅದು ಗೋಡೆ ದಾಟದೆಂಬ ದೂರು ನಿಜವಾದರೂ, ಮಳೆ ಕುಡಿದ ಚಿರೆಕಲ್ಲಿನ ಗೋಡೆಯನ್ನೇ ಗಡಿಯಾಗಿಸಿಕೊಂಡು ಅದರಾಚೆ ಅದೇ ಚಾನೆಲ್ಲನ್ನು ಮತ್ತೆ ಕೊಡಲು ಬರುತ್ತದೆ.

ಕರೆಯನ್ನು ಒಂದು ರೂಟರಿನಿಂದ ಇನ್ನೊಂದಕ್ಕೆ ದಾಟಿಸುವ ಹ್ಯಾಂಡೋವರ್ ಇನ್ನೂ ಸೂಕ್ಷ್ಮವಾದುದು. ಮೊಬೈಲ್ ಜಾಲದಲ್ಲಿ ಫೋನ್ ಅಳತೆ ತಿಳಿಸುತ್ತದೆ, ಯಾವಾಗ ದಾಟಬೇಕೆಂದು ಜಾಲ ತೀರ್ಮಾನಿಸುತ್ತದೆ. ನಡೆಯುತ್ತಿರುವ ಕರೆ ಕಡಿಯುವುದಕ್ಕಿಂತ ಹೊಸ ಕರೆ ಸಿಗದಿರುವುದು ವಾಸಿಯೆಂದು, ದಾಟಿ ಬರುವವರಿಗಾಗಿ ಕೆಲವು ಚಾನೆಲ್‌ಗಳನ್ನು ಕಾದಿರಿಸುವ ಪದ್ಧತಿಯೂ ಅಲ್ಲಿ ಉಂಟು. ವೈಫೈಯಲ್ಲಿ ತೀರ್ಮಾನ ಫೋನಿನದು. ಅದು ದೂರವಾದ ರೂಟರನ್ನೇ ಸಿಗ್ನಲ್ ಸೊರಗುವವರೆಗೂ ಹಿಡಿದುಕೊಂಡಿರುತ್ತದೆ. ರೂಟರಿನ ಪವರ್ ಪೂರ್ತಿ ಏರಿಸಿದರೆ ಈ ಹಿಡಿತ ಹೆಚ್ಚುತ್ತದೆ: ಅದರ ದನಿ ಫೋನಿಗೆ ಕೇಳುತ್ತದೆ, ಫೋನಿನ ಸಣ್ಣ ದನಿ ಅದಕ್ಕೆ ಮುಟ್ಟುವುದಿಲ್ಲ. ಮೇಲಾಗಿ ಆ ಆಸ್ಪತ್ರೆಯಲ್ಲಿ ಮಹಡಿಗೊಂದು ವೈಫೈ ಹೆಸರು, ಒಂದೊಂದಕ್ಕೂ ಬೇರೆ ಪಾಸ್‌ವರ್ಡ್! ಹಾಗಿದ್ದಲ್ಲಿ ಮೆಟ್ಟಿಲ ಮೇಲೆ ಕರೆ ಕಡಿಯದೆ ಇನ್ನೇನಾದೀತು?

ಆದ್ದರಿಂದ ಜಿಲ್ಲೆಯ ಸಾರ್ವಜನಿಕ ಕಟ್ಟಡಗಳಿಗೆ ವೈಫೈ ಟೆಂಡರ್ ಕರೆಯುವವರು ರೂಟರುಗಳ ಸಂಖ್ಯೆಯ ಜೊತೆಗೆ ಚಾನೆಲ್ ಹಂಚಿಕೆಯ ನಕ್ಷೆಯನ್ನೂ ಕೇಳಬೇಕು. ಬಿಲ್ ಪಾಸು ಮಾಡುವ ಮೊದಲು ಒಬ್ಬರು ಕರೆ ಹಚ್ಚಿಕೊಂಡು ನೆಲಮಾಳಿಗೆಯಿಂದ ಮೇಲಿನ ವಾರ್ಡಿನವರೆಗೆ ನಡೆದು ನೋಡಬೇಕು, ಅದೂ ಗೋಡೆ ಒದ್ದೆಯಾಗಿರುವ ಜುಲೈ ತಿಂಗಳಲ್ಲಿ.

– ನಿವೃತ್ತ ದೂರವಾಣಿ ನೌಕರ, ಕುಮಟಾ