ಮಂಗರಬಳ್ಳಿ ಪುಡಿಗೆ ಮೊದಲು ನೀರು ಪರೀಕ್ಷಿಸಿ

ಮಾನ್ಯ ಸಂಪಾದಕರೇ,

‘ಮೂಳೆ ಕೋಶ ಬೆಳೆಸುತ್ತದೆ’ ಎಂಬ ಹೆಸರಿನಲ್ಲಿ ಮಂಗರಬಳ್ಳಿ ಪುಡಿಗೆ ಈಗ ಬೇಡಿಕೆ ಬಂದಿದೆ. ಬಳ್ಳಿ ಒಳ್ಳೆಯದೇ. ಅದನ್ನು ಮಾರಲು ಬಳಸುವ ಮಾತು ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಜನರ ದಾರಿ ತಪ್ಪಿಸುತ್ತದೆ.

ಬೇಲಿಗೆ ಹಬ್ಬುವ ಈ ನಾಲ್ಕು ಏಣಿನ ಬಳ್ಳಿಯಲ್ಲಿ ಕ್ವೆರ್ಸೆಟಿನ್, ಬೀಟಾ ಸಿಟೊಸ್ಟೆರಾಲ್ ಎಂಬ ಸಸ್ಯ ರಾಸಾಯನಿಕಗಳಿವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಆಸ್ಟಿಯೋಬ್ಲಾಸ್ಟ್, ಅಂದರೆ ಮೂಳೆ ಕಟ್ಟುವ ಕೋಶಗಳಿಗೆ ಇದರ ಸಾರ ಹಾಕಿದರೆ ಮೂಳೆ ಕಟ್ಟುವ ಕೆಲಸದ ಗುರುತಾದ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ಹೆಚ್ಚುತ್ತದೆ, ಖನಿಜ ಕೂರುತ್ತದೆ. ಆದರೆ ತಿಂದ ಕ್ವೆರ್ಸೆಟಿನ್ ಕರುಳು, ಯಕೃತ್ತು ದಾಟುವಷ್ಟರಲ್ಲೇ ಬಹುಪಾಲು ರೂಪ ಬದಲಿಸಿರುತ್ತದೆ. ತಟ್ಟೆಗೆ ಹಾಕಿದಷ್ಟು ರಕ್ತದಲ್ಲಿ ಸಿಗುವುದು ಕಷ್ಟ.

ಕೋಶ ಚುರುಕಾದರೆ ಮೂಳೆ ಗಟ್ಟಿಯಾಯಿತು ಎನ್ನುವಂತಿಲ್ಲ. ನಮ್ಮ ಕೊಳವೆಬಾವಿಗಳ ಫ್ಲೋರೈಡ್ ಕೂಡ ಇದೇ ಕೋಶಗಳನ್ನು ಚುರುಕುಗೊಳಿಸುತ್ತದೆ! 1990ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಮುಟ್ಟು ನಿಂತ 202 ಮಹಿಳೆಯರ ಪೈಕಿ ಒಂದು ಗುಂಪಿಗೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡನ್ನು 4 ವರ್ಷ ಕೊಡಲಾಯಿತು. ಸೊಂಟದ ಬೆನ್ನೆಲುಬಿನ ಸಾಂದ್ರತೆ ಸುಮಾರು ಶೇ 35ರಷ್ಟು ಏರಿತು. ಬೆನ್ನೆಲುಬಿನ ಮುರಿತ ಗಮನಾರ್ಹವಾಗಿ ತಗ್ಗಲಿಲ್ಲ, ಉಳಿದ ಮೂಳೆಗಳ ಮುರಿತ ಹೆಚ್ಚಿತು. ನೀರಿನಲ್ಲಿ ಫ್ಲೋರೈಡ್ ಅತಿಯಾದರೆ ಕೀಲುಗಳೂ ಬಿಗಿಯುತ್ತವೆ. ಹಾಗಾಗಿ ಜಗಳೂರು, ಮೊಳಕಾಲ್ಮೂರು ಕಡೆ ಕೀಲು ಬಿಗಿದು ನೋಯುವವರು ಮೊದಲು ನೋಡಬೇಕಾದ್ದು ಕುಡಿಯುವ ನೀರನ್ನು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ನೀರಿನಲ್ಲಿ ಕರಗಿದ ಒಟ್ಟು ಲವಣ ಅಳೆಯುವ ಟಿಡಿಎಸ್ ಮೀಟರ್ ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ಕ್ಯಾಲ್ಸಿಯಂ ಕೊರತೆ ಇದ್ದವರಿಗೆ ಹಾನಿ ಹೆಚ್ಚು. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ.

ಬಳ್ಳಿಯನ್ನು ತಿನ್ನುವುದಾದರೆ ಚಟ್ನಿಯಾಗಿ ತಿನ್ನಿ. ಎಳೆಯ ಗೆಣ್ಣುಗಳನ್ನೇ ಆರಿಸಿ, ಕೈಗೆ ಎಣ್ಣೆ ಸವರಿಕೊಂಡು ಏಣಿನ ನಾರು ತೆಗೆದು, ಎಣ್ಣೆಯಲ್ಲಿ ಚೆನ್ನಾಗಿ ಹುರಿದು, ಹುಣಸೆಹಣ್ಣು ಸೇರಿಸಿ ರುಬ್ಬಬೇಕು. ಹಸಿಯಾಗಿ ತಿಂದರೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳು ಗಂಟಲು ಕೆರೆಯುತ್ತವೆ. ಆ ರೂಪದ ಕ್ಯಾಲ್ಸಿಯಂ ಮೈಗೂ ಅಷ್ಟಾಗಿ ಹತ್ತುವುದಿಲ್ಲ. ಮೂತ್ರಪಿಂಡದಲ್ಲಿ ಕಲ್ಲಾದವರಿಗೆ ಬೇಡ. ಮೂಳೆ ಮುರಿದವರು ಕಟ್ಟು ಹಾಕಿಸುವುದನ್ನು ಬಿಟ್ಟು ಪುಡಿ ನಂಬಿ ಕೂತರೆ ಮೂಳೆ ಸೊಟ್ಟಗೆ ಕೂಡಿಕೊಳ್ಳಬಹುದು.

ಪ್ರತಿ ಕೊಳವೆಬಾವಿ ಮತ್ತು ಶುದ್ಧ ನೀರಿನ ಘಟಕದ ಮುಂದೆ ಫ್ಲೋರೈಡ್ ಪ್ರಮಾಣ, ಪರೀಕ್ಷಿಸಿದ ದಿನಾಂಕ ಎರಡನ್ನೂ ಗ್ರಾಮ ಪಂಚಾಯಿತಿಗಳು ಬಣ್ಣದಲ್ಲಿ ಬರೆಸಲಿ. ಮಳೆಗಾಲಕ್ಕೆ ಮುನ್ನ ಒಮ್ಮೆ, ನಂತರ ಒಮ್ಮೆ ಪರೀಕ್ಷೆ ನಡೆಯಲಿ.

– ಔಷಧ ಸಸ್ಯ ವಿಷಯದ ಇಬ್ಬರು ಅಧ್ಯಾಪಕರು, ಚಿತ್ರದುರ್ಗ