ಈ ಸಲದ ಪಾಲಕರ ಸಭೆಯಲ್ಲಿ ಮೊದಲ ಮಾತು ಮಕ್ಕಳದು

ಎಲ್ಲ ಅವ್ವ-ಅಪ್ಪಂದಿರಿಗೆ, ಅಜ್ಜ-ಅಜ್ಜಿಯರಿಗೆ, ಅಕ್ಕನ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಓದಿಸುತ್ತಿರುವ ಸೋದರಮಾವಂದಿರಿಗೂ ನಮಸ್ಕಾರ.

ಪತ್ರ ಸ್ವಲ್ಪ ಉದ್ದ ಇದೆ. ವಾಟ್ಸಾಪ್ ಗುಂಪಿಗೂ ಹಾಕಿದ್ದೇನೆ, ಮಕ್ಕಳ ಕೈಯಲ್ಲೂ ಕಳಿಸಿದ್ದೇನೆ. ಕೈ ಮುಗಿಯುವ ಚಿತ್ರ ಒತ್ತಿ ಮುಂದೆ ಹೋಗಬೇಡಿ, ಓದಿ. ಕಣ್ಣು ಸರಿ ಕಾಣದವರು, ಓದು ಬಾರದವರು ಮಕ್ಕಳಿಂದ ಓದಿಸಿ ಕೇಳಿ. ಓದುವವರು ನಡುವೆ ಒಂದು ಪ್ಯಾರಾ ಹಾರಿಸಿದರು ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಅದನ್ನೇ ಮೊದಲು ಓದಿಸಿ.

ವಿಷಯ ಇಷ್ಟು. ಬರುವ ಶನಿವಾರ ಪಾಲಕರ ಸಭೆ ಇದೆ. ಈ ಸಲ ಮೊದಲ ಒಂದು ತಾಸು ನಾನು ಮಾತಾಡುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರೂ ಮಾತಾಡುವುದಿಲ್ಲ (ಅವರನ್ನು ಒಪ್ಪಿಸಲು ಎರಡು ಸಲ ಚಹಾ ಕುಡಿಸಬೇಕಾಯಿತು). 8, 9, 10ನೇ ತರಗತಿಯ ಮಕ್ಕಳು ಮಾತಾಡುತ್ತಾರೆ. ಶಾಲೆಯಲ್ಲಿ ಏನು ನಡೆಯಬೇಕು, ಯಾವ ಹೊತ್ತಿಗೆ ನಡೆಯಬೇಕು, ಈಗ ನಡೆಯುತ್ತಿರುವುದರಲ್ಲಿ ಯಾವುದು ಸುಮ್ನೆ ನಡೆಯುತ್ತಿದೆ ಅಂತ ಅವರೇ ಹೇಳುತ್ತಾರೆ. ನೀವು ಮತ್ತು ನಾನು ಕೇಳಬೇಕು.

ಹೆಡ್‌ಮಾಸ್ತರಿಗೆ ಈ ಬುದ್ಧಿ ಎಲ್ಲಿಂದ ಬಂತು ಅಂತ ಕೆಲವರು ನಗಬಹುದು. ಬಂದಿದ್ದು ನಾನೇ ಮಾಡಿದ ತಪ್ಪಿನಿಂದ. ಅದನ್ನು ಮುಚ್ಚಿಡುವುದಿಲ್ಲ.

ಹೋದ ವರ್ಷ ಡಿಸೆಂಬರಿನಲ್ಲಿ 10ನೇ ತರಗತಿಗೆ ಸಂಜೆ ವಿಶೇಷ ತರಗತಿ ಶುರು ಮಾಡಿದೆವು, ನೆನಪಿದೆಯಲ್ವಾ? ಶಾಲೆ ಬಿಟ್ಟ ಮೇಲೆ 6 ಗಂಟೆವರೆಗೆ ಗಣಿತ, ವಿಜ್ಞಾನ, ಇಂಗ್ಲಿಷ್. ಶಿಕ್ಷಕರು ಸಂಬಳ ಜಾಸ್ತಿ ಕೇಳದೆ ಉಳಿದರು, ದಾನಿಗಳೊಬ್ಬರು ಬಿಸ್ಕಿಟ್ ಕೊಟ್ಟರು, ನಾನು ಫೋಟೊ ತೆಗೆದು ಗುಂಪಿಗೆ ಹಾಕಿದೆ. ಮೊದಲ ವಾರ ಬೆಂಚು ಸಾಲಲಿಲ್ಲ. ಮೂರನೇ ವಾರಕ್ಕೆ ಹುಡುಗಿಯರ ಸಾಲಿನಲ್ಲಿ ಮೂರೇ ಮೂರು ಮಂದಿ. ನನಗೆ ಸಿಟ್ಟು ಬಂತು. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಬೈದೆ. ನಿಮಗೆ ಓದುವ ಮನಸ್ಸೇ ಇಲ್ಲ, ನಿಮಗೋಸ್ಕರ ಇಷ್ಟೆಲ್ಲ ಮಾಡಿದರೂ ಬೆಲೆ ಇಲ್ಲ ಅಂತ. ಮಕ್ಕಳು ತಲೆ ತಗ್ಗಿಸಿ ನಿಂತರು. ಮಾರನೆ ದಿನ ಆ ಮೂವರಲ್ಲೂ ಒಬ್ಬಳು ಬರಲಿಲ್ಲ.

ಆಮೇಲೆ ನಮ್ಮ ವಿಜ್ಞಾನದ ಟೀಚರ್ ಒಂದು ಉಪಾಯ ಮಾಡಿದರು. ಚಾಕ್‌ಪೀಸಿನ ಖಾಲಿ ಡಬ್ಬಿಗೆ ಮೇಲೆ ಸೀಳು ಮಾಡಿ ವರಾಂಡದಲ್ಲಿಟ್ಟರು. ಹೆಸರು ಬರೆಯಬೇಡಿ, ಸಂಜೆ ತರಗತಿಗೆ ಯಾಕೆ ಬರುತ್ತಿಲ್ಲ ಅದನ್ನಷ್ಟೇ ಬರೆಯಿರಿ ಅಂದರು. ವಾರ ಬಿಟ್ಟು ಡಬ್ಬಿ ತೆಗೆದೆವು. ಒಂದು ಚೀಟಿ: "5:15ರ ಬಸ್ ತಪ್ಪಿದರೆ ಮುಂದಿನದು 7ಕ್ಕೆ. ಕೆರೆ ಏರಿ ಮೇಲೆ ಲೈಟ್ ಇಲ್ಲ." ಇನ್ನೊಂದು: "ಸಂಜೆ ಎಮ್ಮೆ ಹಿಂಡೋದು ನಾನೇ." ಮತ್ತೊಂದು, ಪೆನ್ಸಿಲ್‌ನಲ್ಲಿ, ಅಕ್ಷರ ಸಣ್ಣಗೆ: "4:30ಕ್ಕೆ ಶೌಚಾಲಯಕ್ಕೆ ಬೀಗ ಹಾಕ್ತಾರೆ ಸರ್." ಕೊನೆಗೊಂದು: "ನೀವು ಬೈತೀರಿ ಅಂತ ಹೇಳಿಲ್ಲ."

ಬೀಗದ ಕೈ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು! ಹತ್ತು ವರ್ಷದಿಂದ 4:30ಕ್ಕೆ ಬೀಗ ಹಾಕುವುದು ಪದ್ಧತಿ, ಹಾಕುತ್ತಿದ್ದೆವು. ಒಂದೂವರೆ ತಾಸು ಹುಡುಗಿಯರು ಹೇಗೆ ಕೂರಬೇಕು ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಹಾಗಾಗಿ ಬಸ್ಸಿನ ಚಿಂತೆ ಮುಗಿಯಿತು ಅಂತ ನಾನು ತಿಳಿದಿದ್ದೆ. ಟಿಕೆಟ್ ಇಲ್ಲ ಅಂದರೆ ಬಸ್ ಇದೆ ಅಂತಲ್ಲ. ಇದನ್ನು ನನಗೆ ಹೇಳಿಕೊಟ್ಟಿದ್ದು ಒಂದು ಚೀಟಿ.

ಸಂಜೆ ತರಗತಿ ನಿಲ್ಲಿಸಿ ಏನು ಮಾಡೋಣ ಅಂತ ಮಕ್ಕಳನ್ನೇ ಕೇಳಿದೆವು. ಅವರೇ ಹೇಳಿದರು: ಬೆಳಿಗ್ಗೆ 9ಕ್ಕೆ ಇಡಿ, ಆ ಬಸ್ಸಿಗೆ ಹೇಗೂ ಬರುತ್ತೇವೆ, 10 ಗಂಟೆವರೆಗೆ ಸುಮ್ನೆ ಕಟ್ಟೆ ಮೇಲೆ ಕೂತಿರುತ್ತೇವೆ. ಹೌದಲ್ಲ! ದಿನಾ ಅವರನ್ನು ಆ ಕಟ್ಟೆ ಮೇಲೆ ನೋಡುತ್ತಲೇ ಇದ್ದೆ. ಇನ್ನು ಸಂಜೆ ಓದಿಗೆ ಅವರದೇ ಒಂದು ಲೆಕ್ಕ ಇತ್ತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗಿವೆ, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಊರಲ್ಲಿ ಪಿಯುಸಿ, ಡಿಗ್ರಿ ಓದುವ ಅಕ್ಕ-ಅಣ್ಣಂದಿರು ಸಂಜೆ ಒಂದು ತಾಸು ಅಲ್ಲಿ ಕೂತರೆ ನಾವೂ ಕೂರುತ್ತೇವೆ, ಮನೆ ಹತ್ತಿರ, ಅವ್ವ ಕೂಗಿದರೆ ಕೇಳಿಸುತ್ತದೆ ಅಂದರು. ಎರಡು ಊರಲ್ಲಿ ಇದು ಚೆನ್ನಾಗಿ ನಡೆಯಿತು. ಮೂರನೇ ಊರಲ್ಲಿ ನಡೆಯಲಿಲ್ಲ. ಅಲ್ಲಿ ಕಲಿಸಲು ಬಂದ ಹುಡುಗರು ಮೊಬೈಲ್ ನೋಡುತ್ತಾ ಕೂತರಂತೆ. ಅದನ್ನೂ ಮಕ್ಕಳೇ ಹೇಳಿದರು, ನಿಲ್ಲಿಸಿದೆವು.

ಈಗ ನಿಮ್ಮ ಪಾಲಿನ ಮಾತಿಗೆ ಬರುತ್ತೇನೆ. ಹಾಜರಿ ಪುಸ್ತಕ ತೆಗೆದು ನೋಡಿದರೆ ಜನವರಿಯಿಂದ ಮಾರ್ಚ್‌ವರೆಗೆ ವಾರದ ಎರಡು ದಿನ ಗೈರುಹಾಜರಿಯ ಕೆಂಪು ಗೆರೆ ಜಾಸ್ತಿ. ಸೋಮವಾರ ಮತ್ತು ಗುರುವಾರ. ಯಾಕೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಅವತ್ತು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ. ನೀವು ಚೀಲ ಹೇರಿಕೊಂಡು ನಸುಕಿನಲ್ಲೇ ಹೋಗುತ್ತೀರಿ, ದನ, ತಮ್ಮ-ತಂಗಿ, ಕಣದಲ್ಲಿ ಒಣಗಲು ಹಾಕಿದ ಉಳಿದ ಮೆಣಸಿನಕಾಯಿ ಎಲ್ಲ ಮಗಳ ಮೇಲೆ. ನಾನೂ ಒಕ್ಕಲುತನದ ಮನೆಯವನು, ಬೆಳೆ ಕಾಯುವುದಿಲ್ಲ ಅಂತ ಗೊತ್ತು. ಆದರೂ ಒಂದು ದೃಶ್ಯ ಹೇಳುತ್ತೇನೆ. ಒಬ್ಬ ಹುಡುಗ ಮೆಣಸಿನಕಾಯಿ ಬಿಡಿಸಿ ಮರುದಿನ ಶಾಲೆಗೆ ಬಂದಿದ್ದ. ಬೆರಳ ತುದಿ ಉರಿ. ಪೆನ್ನು ಹಿಡಿಯಲು ಆಗದೆ ಅಂಗೈಯನ್ನು ಸ್ಟೀಲ್ ತಾಟಿನ ತಂಪಿಗೆ ಒತ್ತಿ ಹಿಡಿದಿದ್ದ. ಮರೆತು ಕಣ್ಣೊರೆಸಿಕೊಂಡ. ಅವತ್ತು ಅವನಿಗೆ ಪಾಠ ಇಲ್ಲ, ನಳದ ಕೆಳಗೆ ಮುಖ ಒಡ್ಡಿ ನಿಂತಿದ್ದೇ ಆಯಿತು.

ಅವನನ್ನೇ ಕೇಳಿದೆ, ಏನು ಮಾಡಬಹುದು ಅಂತ. ಬಿಡಿಸುವ ಕೆಲಸ ಭಾನುವಾರಕ್ಕೆ ಇಟ್ಟರೆ ನಡೆಯುತ್ತದೆ ಸರ್, ಅಪ್ಪನಿಗೆ ನಾನು ಹೇಳಿದರೆ ನಡೆಯಲ್ಲ, ನೀವು ಹೇಳಿ ಅಂದ. ಹೇಳಿದೆ. ಅಪ್ಪ ಒಪ್ಪಿದರು, ಪುಣ್ಯ. ಆದರೆ ಯೋಚಿಸಿ ನೋಡಿ, 15 ವರ್ಷದ ಮಗ ತನ್ನ ಅಪ್ಪನಿಗೆ ಒಂದು ಮಾತು ಮುಟ್ಟಿಸಲು ಹೆಡ್‌ಮಾಸ್ತರನ್ನು ನಡುವೆ ಹಾಕಿಕೊಳ್ಳಬೇಕಾಯಿತು.

ಕಾನೂನಿನ ಮಾತೂ ಒಂದಿಷ್ಟು, ಹೆದರಿಸಲು ಅಲ್ಲ. 14 ತುಂಬದ ಮಕ್ಕಳನ್ನು ಕೂಲಿಗೆ ಕಳಿಸುವಂತಿಲ್ಲ. ಮನೆಯ ಕೆಲಸಕ್ಕೆ ಕೈ ಜೋಡಿಸಬಹುದು, ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಬೀಜೋತ್ಪಾದನೆ ಹೊಲದ ಕ್ರಾಸಿಂಗ್ ಕೆಲಸಕ್ಕೆ (ಕೈಯಿಂದ ಹೂವಿಗೆ ಪರಾಗ ಮುಟ್ಟಿಸುವುದು) ಮಕ್ಕಳ ಸಣ್ಣ ಬೆರಳೇ ಬೇಕು ಅಂತ ಯಾರಾದರೂ ಮನೆ ಬಾಗಿಲಿಗೆ ಬಂದರೆ ಅವರಿಗೂ ಇದನ್ನೇ ಹೇಳಿ. ಇನ್ನೊಂದು ಗಮನಿಸಿ. ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಅಂತ ಹೇಳುವ 2009ರ ಕಾಯ್ದೆ ಇರುವುದು 6ರಿಂದ 14 ವರ್ಷದವರಿಗೆ. ಅಂದರೆ ಪ್ರೌಢಶಾಲೆಯ ನಡುವೆಯೇ ಆ ಕಾಯ್ದೆಯ ಹಿಡಿತ ಸಡಿಲವಾಗುತ್ತದೆ. ಎರಡನೇ ತರಗತಿಯ ಮಗುವನ್ನು ಅತ್ತರೂ ಎತ್ತಿಕೊಂಡು ಬಂದು ಬಿಡುತ್ತೀರಿ. 15 ವರ್ಷದವನನ್ನು ಎತ್ತಿಕೊಂಡು ಬರಲು ಆಗುತ್ತದಾ? ಶಾಲೆ ತನ್ನದು ಅನ್ನಿಸಿದರೆ ಬರುತ್ತಾನೆ. ಇಲ್ಲದಿದ್ದರೆ ಬಸ್ ಸ್ಟ್ಯಾಂಡ್‌ವರೆಗೆ ಬಂದು ಅಲ್ಲಿಂದ ಬೇರೆ ಕಡೆ ಹೋಗುತ್ತಾನೆ.

ಕೇಳಿದ್ದರಿಂದ ಸಿಕ್ಕ ಲಾಭಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಹದಿಹರೆಯದ ಮಕ್ಕಳಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತೇವೆ, ರಕ್ತ ಕಡಿಮೆ ಆಗಬಾರದು ಅಂತ. ಮಳೆಗಾಲದಲ್ಲಿ ಗಟಾರ ಶುಚಿ ಮಾಡಿದವರು ಬಂದು ತೋರಿಸಿದರು, ಕಿಟಕಿ ಕೆಳಗೆ ನೀಲಿ ನೀಲಿ. ಮೊದಲಾಗಿದ್ದರೆ ಮತ್ತೆ ಪ್ರಾರ್ಥನೆಯಲ್ಲಿ ಬೈಯುತ್ತಿದ್ದೆ. ಈ ಸಲ ಮೀನಾ ತಂಡದ (ಶಾಲೆಯ ಹುಡುಗಿಯರ ಗುಂಪು) ಹುಡುಗಿಯರನ್ನು ಕೇಳಿದೆ. ಮೊದಲ ಪಿರಿಯಡ್‌ನಲ್ಲಿ ಕೊಡ್ತೀರಿ ಸರ್, ಅರ್ಧ ಮಂದಿ ಬರೀ ಚಹಾ ಕುಡಿದು ಬಂದಿರುತ್ತೇವೆ, ಹೊಟ್ಟೆ ತೊಳಸುತ್ತದೆ ಅಂದರು. ಮಾತ್ರೆಯನ್ನು ಬಿಸಿಯೂಟದ ನಂತರಕ್ಕೆ ಹಾಕಿದೆವು. ಹಂಚುವ ಕೆಲಸ ಅವರದೇ, ಗುರುತು ಹಾಕುವುದೂ ಅವರೇ. ಗಟಾರ ಈಗ ಸ್ವಚ್ಛ ಇದೆ. ಮಾತ್ರೆ ಊಟ ಆದ ಮೇಲೆ ತೆಗೆದುಕೊಳ್ಳಬೇಕು ಅನ್ನುವುದು ಹೊಸ ವಿಷಯ ಏನಲ್ಲ, ನಾವು ಕಿವಿಗೆ ಹಾಕಿಕೊಂಡಿರಲಿಲ್ಲ ಅಷ್ಟೇ.

ಮಕ್ಕಳಿಗೆ ಇಷ್ಟು ಸದರ ಕೊಟ್ಟರೆ ತಲೆ ಮೇಲೆ ಕೂರ್ತಾರೆ ಅಂತ ಹೋದ ವಾರ ಒಬ್ಬ ಪಾಲಕರು ನನಗೆ ನೇರವಾಗಿಯೇ ಹೇಳಿದರು. ಅವರ ಹೆದರಿಕೆ ಸುಳ್ಳಲ್ಲ. ಚೀಟಿ ಡಬ್ಬಿಯಲ್ಲಿ ದಿನಾ ಎರಡು ಪಿರಿಯಡ್ ಕ್ರಿಕೆಟ್ ಬೇಕು ಅಂತಲೂ ಬಂದಿತ್ತು, ಮೊಬೈಲ್ ತರಲು ಬಿಡಿ ಅಂತಲೂ ಬಂದಿತ್ತು, ಒಬ್ಬ ಶಿಕ್ಷಕರ ಮೀಸೆ ಬಗ್ಗೆ ಒಂದು ಪದ್ಯವೂ ಬಂದಿತ್ತು (ಪ್ರಾಸ ಚೆನ್ನಾಗಿತ್ತು). ಮೊಬೈಲಿಗೆ ಇಲ್ಲ ಅಂದೆವು, ಯಾಕೆ ಇಲ್ಲ ಅಂತ ಹೇಳಿದೆವು. ಗೊಣಗಿದರು, ಒಪ್ಪಿದರು. ಮಕ್ಕಳನ್ನು ಕೇಳುವುದು ಅಂದರೆ ಹೇಳಿದ್ದೆಲ್ಲ ಮಾಡುವುದು ಅಂತಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ನಮ್ಮ ದೇಶ 1992ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ 12ನೇ ವಿಧಿ ಹೇಳುವುದೂ ಇಷ್ಟೇ. ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಅದರ ಮಾತು ಕೇಳಬೇಕು, ವಯಸ್ಸಿಗೆ, ತಿಳಿವಳಿಕೆಗೆ ತಕ್ಕ ಬೆಲೆ ಕೊಡಬೇಕು.

ಒಂದು ವಿಷಯದಲ್ಲಿ ಮಾತ್ರ ಮಗಳು ಹೂಂ ಅಂದಳು ಅನ್ನುವ ನೆಪ ನಡೆಯುವುದಿಲ್ಲ. ಮದುವೆ. 18 ತುಂಬುವ ಮೊದಲು ಆ ಮಾತು ಎತ್ತಲೇಬೇಡಿ. ಕರ್ನಾಟಕದಲ್ಲಿ ಬಾಲ್ಯವಿವಾಹ ಮಾಡಿದರೆ ಅದು ಕಾನೂನಿನ ಲೆಕ್ಕದಲ್ಲಿ ಮದುವೆಯೇ ಅಲ್ಲ, ಮಾಡಿಸಿದವರು ಅಪರಾಧಿಗಳು. ಮಕ್ಕಳ ಸಹಾಯವಾಣಿ 1098 ಸಂಖ್ಯೆ ಪ್ರತಿ ತರಗತಿಯ ಗೋಡೆ ಮೇಲೆ ಬರೆಸಿದ್ದೇನೆ, ಮಕ್ಕಳಿಗೆ ಬಾಯಿಪಾಠ ಆಗಿದೆ.

ನವೆಂಬರಿನಲ್ಲಿ ಮಕ್ಕಳ ಗ್ರಾಮಸಭೆ ಬರುತ್ತದೆ. ಹೋದ ಸಲ ನಮ್ಮ ಹುಡುಗಿಯರು ಕೆರೆ ಏರಿಯ ದೀಪ ಕೇಳಿದ್ದರು. ದೀಪ ಬಂತು. ಎರಡು ತಿಂಗಳಿಗೆ ಕೆಟ್ಟಿತು. ಯಾರೂ ಹೇಳದೆ ಅವರೇ ಮತ್ತೊಂದು ಅರ್ಜಿ ಬರೆದು, ಹಿಂದಿನ ಸಭೆಯ ನಡಾವಳಿಯ ಪ್ರತಿ ಹಚ್ಚಿ ಕೊಟ್ಟು ಬಂದರು. ಅರ್ಜಿ ಬರೆಯುವ ಪಾಠ ಕನ್ನಡ ಪುಸ್ತಕದಲ್ಲೂ ಇದೆ, ಅಂಕಕ್ಕಾಗಿ ಬರೆಯುವಾಗ ಇದೇ ಹುಡುಗಿಯರು ವಿಷಯ, ದಿನಾಂಕ ಎರಡೂ ಮರೆಯುತ್ತಾರೆ! ಈ ಸಲವೂ ಸಭೆಗೆ ಕಳಿಸಿ. ಅಲ್ಲಿ ನಿಮ್ಮ ಮಗಳು ಮೈಕ್ ಹಿಡಿದರೆ ಕುಳಿತುಕೊಳ್ಳೇ ಅಂತ ಹಿಂದಿನಿಂದ ಸನ್ನೆ ಮಾಡಬೇಡಿ. ಹೋದ ವರ್ಷ ಒಬ್ಬರು ಮಾಡಿದ್ದನ್ನು ನಾನೇ ನೋಡಿದ್ದೇನೆ.

8ನೇ ತರಗತಿಯವರಿಗೆ ಒಂದು ಸಣ್ಣ ಮಾತು. ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆ ಆದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಮನೆಯ ವರ್ಷದ ಆದಾಯ 3.5 ಲಕ್ಷ ದಾಟಿರಬಾರದು. ಪ್ರಮಾಣಪತ್ರ ಬೇಗ ಮಾಡಿಸಿ, ಕೊನೆ ದಿನದವರೆಗೆ ಎಳೆಯಬೇಡಿ.

ಶಾಲೆ ಬಿಟ್ಟವರನ್ನೂ ಶನಿವಾರ ಕರೆದುಕೊಂಡು ಬನ್ನಿ ಅಂತ ಕೇಳುತ್ತೇನೆ. ನಮ್ಮದೇ ಹಳೆಯ ವಿದ್ಯಾರ್ಥಿಯೊಬ್ಬ ಈಗ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಾನೆ. ಗಣಿತ ಒಂದೇ ಉಳಿದಿತ್ತು. ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಫೇಲ್ ಆದ ದಿನ ಮನೆಯಲ್ಲಿ ಯಾರೂ ಅವನ ಜೊತೆ ಮಾತಾಡಲಿಲ್ಲವಂತೆ, ಅವನೂ ಶಾಲೆ ಕಡೆ ಮುಖ ಹಾಕಲಿಲ್ಲ. ನಾವೂ ಹುಡುಕಿಕೊಂಡು ಹೋಗಲಿಲ್ಲ, ಅದು ನಮ್ಮ ತಪ್ಪು. ಅವನು ಶನಿವಾರ ಬರುತ್ತೇನೆ ಅಂದಿದ್ದಾನೆ, 10ನೇ ತರಗತಿಯವರ ಜೊತೆ ಮಾತಾಡುತ್ತಾನೆ. ನಾನು ಹೇಳುವುದಕ್ಕಿಂತ ಅವನು ಹೇಳಿದ್ದು ಅವರಿಗೆ ಜಾಸ್ತಿ ನಾಟುತ್ತದೆ.

ಅಲ್ಲಿವರೆಗೆ ಮನೆಯಲ್ಲಿ ಒಂದು ಕೆಲಸ ಮಾಡಿ. ರಾತ್ರಿ ರೊಟ್ಟಿ ತಿನ್ನುವಾಗ ಎಷ್ಟು ಅಂಕ ಬಂತು ಅನ್ನುವ ಪ್ರಶ್ನೆ ಪಕ್ಕಕ್ಕಿಟ್ಟು, ಶಾಲೆಯಲ್ಲಿ ಯಾವುದು ಬೇಜಾರು ಅಂತ ಕೇಳಿ. ಮೊದಲ ದಿನ ಏನಿಲ್ಲ ಅನ್ನುತ್ತಾರೆ. ಎರಡನೇ ದಿನವೂ ಏನಿಲ್ಲವೇ. ಮೂರನೇ ದಿನ ಏನಾದರೂ ಬರುತ್ತದೆ. ಅದು ನನ್ನ ಬಗ್ಗೆ ಇದ್ದರೂ ಪರವಾಗಿಲ್ಲ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿ.

ಶನಿವಾರ ಮುಂಜಾನೆ ಶಾಲೆ ಬಿಟ್ಟ ಮೇಲೆ, 11:30ಕ್ಕೆ, ಬೇವಿನ ಮರದ ಕೆಳಗೆ ಸಭೆ. ಅಪ್ಪಂದಿರೂ ಬನ್ನಿ, ಪ್ರತಿ ಸಲ ಅವ್ವಂದಿರನ್ನು ಕಳಿಸಿ ಕೈ ತೊಳೆದುಕೊಳ್ಳಬೇಡಿ. ಚಹಾ ಶಾಲೆಯದು. ಗಿರಮಿಟ್ ಮಾತ್ರ 9ನೇ ತರಗತಿಯವರೇ ಮಾಡುತ್ತಾರಂತೆ. ಚುರುಮುರಿ, ಹುಣಸೆಹಣ್ಣು, ಪುಟಾಣಿ ಹಿಟ್ಟು ಎಲ್ಲ ಆಗಿದೆ, ಉಳ್ಳಾಗಡ್ಡಿ ಮನೆಗೆ ಎರಡರಂತೆ ತರಬೇಕು ಅಂತ ನನಗೆ ಪಟ್ಟಿ ಕೊಟ್ಟಿದ್ದಾರೆ. ನನ್ನ ಪಾಲಿಗೆ ಹೆಚ್ಚುವ ಕೆಲಸ ಬಂದಿದೆ.

ನಿಮ್ಮ,
ಹೆಡ್‌ಮಾಸ್ತರ

(ಶೌಚಾಲಯದ ಬೀಗದ ಕೈ ಈಗ ಶಾಲಾ ಸಂಸತ್ತಿನ ಆರೋಗ್ಯ ಮಂತ್ರಿಯ ಹತ್ತಿರ ಇದೆ. 10ನೇ ತರಗತಿಯ ಹುಡುಗಿ. ನನಗೆ ಬೇಕಾದರೂ ಅವಳನ್ನೇ ಕೇಳಬೇಕು.)